ಕಂಡಕ್ಟರಿಲ್ಲದ ಗಾಡಿಗೆ ಅಕ್ಕನನ್ನು ಹತ್ತಿಸಿದ್ದು

ನಮ್ಮ ಕಡೆ ಒಬ್ಬರನ್ನು ಊರಿಗೆ ಕಳಿಸುವುದೆಂದರೆ ಬಸ್ಸು ಹತ್ತಿಸಿ ಕೈ ಬೀಸುವುದಲ್ಲ, ಕಂಡಕ್ಟರ್ ಕೈಗೆ ಒಪ್ಪಿಸುವುದು. "ನಮ್ಮ ಅವ್ವ ಅದಾಳ್ರಿ, ಯಲಬುರ್ಗಾದಾಗ ಇಳಸ್ರಿ" ಎಂದು ಒಂದು ಮಾತು ಹೇಳಿದರೆ ಮುಗಿಯಿತು. ಆಮೇಲೆ ಆ ಅವ್ವನನ್ನು ಕಿಟಕಿ ಪಕ್ಕ ಕೂಡಿಸುವುದು, ನಡುವೆ ಬಸ್ಸು ಚಹಾಕ್ಕೆ ನಿಂತಾಗ ಆಕೆ ಕೆಳಗಿಳಿದರೆ ಬರುವವರೆಗೆ ಕಾಯುವುದು, ಊರು ಬಂದಾಗ ಎಬ್ಬಿಸಿ ಚೀಲ ಕೈಗೆ ಕೊಟ್ಟು ಇಳಿಸುವುದು ಎಲ್ಲ ಕಂಡಕ್ಟರ್ ಪಾಲಿನ ಕೆಲಸ. ಟಿಕೇಟಿನ ಮೇಲೆ ಇದ್ಯಾವುದೂ ಬರೆದಿರುವುದಿಲ್ಲ. ಆದರೂ ಒಪ್ಪಿಕೊಂಡ ಮೇಲೆ ತಪ್ಪಿಸಿದ ಕಂಡಕ್ಟರನ್ನು ನಾನು ಕಂಡಿಲ್ಲ. ಬಸುರಿಯರು, ಬಾಣಂತಿಯರು, ಪರೀಕ್ಷೆಗೆ ಹೊರಟ ಹುಡುಗಿಯರು, ಔಷಧದ ಪೊಟ್ಟಣ, ಬುತ್ತಿಗಂಟು, ಒಮ್ಮೆ ಒಂದು ಹೋತದ ಮರಿ ಕೂಡ ಹೀಗೇ ಹೋಗಿ ಮುಟ್ಟಬೇಕಾದಲ್ಲಿ ಮುಟ್ಟಿವೆ.

ಇದನ್ನು ನಾನು ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣವಿದೆ. ಅರ್ಧ ಆಯುಷ್ಯ ಕಂಡಕ್ಟರಾಗಿದ್ದವನು ನಾನು. ಆಮೇಲೆ ಕುಷ್ಟಗಿ ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಕೋಣೆಗೆ ಬಂದೆ. ಯಾವ ಬಸ್ಸು ಎಷ್ಟು ಗಂಟೆಗೆ ಬಂತು, ಎಷ್ಟು ಗಂಟೆಗೆ ಹೊರಟಿತು ಎಂದು ಬರೆಯುವುದು, ಮೈಕಿನಲ್ಲಿ ಕೂಗುವುದು, ಬಸ್ಸು ತಡವಾದರೆ ಜನರ ಕೈಲಿ ಬೈಸಿಕೊಳ್ಳುವುದು, ಇಷ್ಟೇ ಅಲ್ಲಿನ ಉದ್ಯೋಗ. ಕೊನೆಯದೇ ಜಾಸ್ತಿ. ಬೈಸಿಕೊಂಡು ಬೈಸಿಕೊಂಡು ನನಗೂ ಸಿಟ್ಟು ಮೂಗಿನ ತುದಿಗೆ ಬಂದು ಕೂತಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ಕೋಣೆಯಲ್ಲಿ ಕೂತವನಿಗೆ ಒಂದು ಗತ್ತೂ ಇರುತ್ತದೆ. ಕೊಪ್ಪಳ, ಗಂಗಾವತಿ, ಯಲಬುರ್ಗಾ ಎಲ್ಲಿ ಬೇಕಾದರೂ ಒಂದು ಫೋನು ಮಾಡಿದರೆ ನನ್ನವರು ಇದ್ದಾರೆ ಎನ್ನುವ ಗತ್ತು.

ಅಂಥದ್ದರಲ್ಲಿ ಕುಷ್ಟಗಿಗೆ ರೈಲು ಬಂತು. ಬರುತ್ತದೆ ಬರುತ್ತದೆ ಎಂದು ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದ ಕೇಳಿದ್ದೆ. ಕಪ್ಪು ಮಣ್ಣಿನ ಎರಿ ಹೊಲದ ನಡುವೆ ಕೆಂಪು ಮಣ್ಣಿನ ಏರಿ ಹಾಕಿದರು, ಅದರ ಮೇಲೆ ಜಲ್ಲಿ ಸುರಿದರು, ಹಳಿ ಇಟ್ಟರು. ಆದರೂ ನಮ್ಮವರು ನಂಬಿರಲಿಲ್ಲ. ಗಾಡಿ ಕೂಗಿದ ಮೇಲೆಯೇ ನಂಬಿದ್ದು. ಅವತ್ತು ಬಸ್ ಸ್ಟ್ಯಾಂಡಿನ ಚಹಾದಂಗಡಿಯವನು ನನ್ನ ಕಿಟಕಿಗೆ ಬಂದು, "ಇನ್ನ ನಿಮ್ಮ ಅಂಗಡಿ ಬಂದ್ ಮಾಡ್ರಿ ಸಾಹೇಬ್ರ" ಎಂದು ಕಿಚಾಯಿಸಿದ. ನಾನು ನಗಲಿಲ್ಲ.

ಮೊದಮೊದಲು ನಮ್ಮ ಮಂದಿ ಆ ಗಾಡಿಯನ್ನೂ ಬಸ್ಸಿನಂತೆಯೇ ನಡೆಸಿಕೊಂಡರು. ಗಾಡಿ ನಿಲ್ಲುವ ಮುಂಚೆಯೇ ಕಿಟಕಿಯೊಳಗೆ ಟವೆಲ್ಲು ಎಸೆದು ಸೀಟು ಹಿಡಿದರು. ಹೊಲದ ಬದುವಿನಲ್ಲಿ ನಿಂತು ಎಂಜಿನ್ನಿಗೆ ಕೈ ಮಾಡಿದರು, ನಿಲ್ಲಿಸದೆ ಹೋಯಿತೆಂದು ಡ್ರೈವರನಿಗೆ ಬೈದರು. ಒಬ್ಬ ಹಿರಿಯರು ಸ್ಟೇಷನ್ ಮಾಸ್ತರರ ಹತ್ತಿರ ಹೋಗಿ, "ಒಂದೈದು ನಿಮಿಷ ತಡೀರಿ, ಮಗಳು ಜಡಿ ಹಾಕ್ಕೊಳ್ಳಾಕತ್ತಾಳ" ಅಂದರಂತೆ. ಇದನ್ನೆಲ್ಲ ನಾನು ಕೋಣೆಯಲ್ಲಿ ಕೂತು ಡ್ರೈವರುಗಳಿಗೆ ಬಣ್ಣಿಸಿ ಬಣ್ಣಿಸಿ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ. ನನ್ನಷ್ಟು ದೊಡ್ಡ ಹೆಡ್ಡ ಆ ಸ್ಟೇಷನ್ನಿಗೆ ಇನ್ನೂ ಬಂದಿರಲಿಲ್ಲ ಎಂಬುದು ಆಗ ಗೊತ್ತಿರಲಿಲ್ಲ.

ನನಗೆ ಒಬ್ಬಳು ಅಕ್ಕ. ನನಗಿಂತ ಎಂಟು ವರ್ಷ ದೊಡ್ಡವಳು. ಗಂಡ ಬೇಗ ತೀರಿಕೊಂಡ, ಒಬ್ಬಳೇ ಮಗಳು. ಯಲಬುರ್ಗಾದಲ್ಲಿ ಅಂಗನವಾಡಿಯ ಆಯಾ ಆಗಿ ಊರ ಮಕ್ಕಳ ಮೂಗು ಒರೆಸಿ, ಅನ್ನ ಬಡಿಸಿ, ತನ್ನ ಮಗಳನ್ನೂ ಓದಿಸಿ ಹುಬ್ಬಳ್ಳಿಗೆ ಕೊಟ್ಟಳು. ಕೆಲಸದಿಂದ ಬಿಡುವಾದ ಮೇಲೂ ಯಲಬುರ್ಗಾ ಬಿಡಲಿಲ್ಲ. ಅಕ್ಕಪಕ್ಕದ ಹೆಂಗಸರ ಜೊತೆ ಶ್ಯಾವಿಗೆ, ಹಪ್ಪಳ, ಮಾತು ಎಂದು ಚೆನ್ನಾಗಿಯೇ ಇದ್ದಳು. ಬಸ್ಸಿನವನ ಅಕ್ಕನಾದರೂ ಆಕೆಗೆ ಬಸ್ಸು ಮಾತ್ರ ಆಗುವುದಿಲ್ಲ. ಊರ ಗಡಿ ದಾಟುವುದರೊಳಗೆ ವಾಂತಿ. ನಿಂಬೆಹಣ್ಣು ಮೂಸುತ್ತ, ಸೆರಗು ಬಾಯಿಗಿಟ್ಟುಕೊಂಡು ಕೂತು ಬರುತ್ತಿದ್ದಳು. ನಾನು ಪ್ರತಿ ಸಲವೂ ಕಂಡಕ್ಟರಿಗೆ ಹೇಳುತ್ತಿದ್ದೆ, ಕಿಟಕಿ ಪಕ್ಕ ಕೂಡಿಸು ಎಂದು.

ಎರಡು ಮೂರು ವರ್ಷದಿಂದ ಕಣ್ಣು ಮಬ್ಬು ಅನ್ನುತ್ತಿದ್ದಳು. ವಯಸ್ಸಾದವರಿಗೆ ಮಬ್ಬಾಗದೆ ಇನ್ನೇನಾಗುತ್ತದೆ ಎಂದು ನಾನೂ ಅಂದಿದ್ದೆ, ಆಕೆಯೂ ಅಂದಿದ್ದಳು. ಕೊಪ್ಪಳದಲ್ಲಿ ತೋರಿಸಿದಾಗ ಡಾಕ್ಟರು, ತಡ ಮಾಡಬೇಡಿ, ಹುಬ್ಬಳ್ಳಿಗೆ ಹೋಗಿ ಆಪರೇಷನ್ ಮಾಡಿಸಿ ಎಂದು ಚೀಟಿ ಬರೆದರು. ಅಕ್ಕನ ಮಗಳು ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಯಲ್ಲಿ ಓಡಾಡಿ ಒಂದು ಬುಧವಾರ ಗೊತ್ತುಮಾಡಿದಳು. ಮಧ್ಯಾಹ್ನದೊಳಗೆ ಬಂದರೆ ಪರೀಕ್ಷೆ, ಮಾರನೆಯ ದಿನ ಆಪರೇಷನ್. ಅವತ್ತು ತಪ್ಪಿದರೆ ಮತ್ತೆ ಸರದಿ ಯಾವಾಗಲೋ ಹೇಳಲಾಗದು ಎಂದಿದ್ದರಂತೆ.

ಹುಡುಗಿ ನನಗೆ ಫೋನು ಮಾಡಿ, "ಮಾಮಾ, ಅವ್ವನ ನೀವ ಕರಕೊಂಡು ಬರ್ರಿ" ಅಂದಳು.

"ನೀ ಚಿಂತಿ ಮಾಡಬ್ಯಾಡವಾ. ಬಸ್ ಬ್ಯಾಡ, ರೈಲಿಗೆ ಕೂಡಸ್ತೀನಿ. ಹೇಳಿ ಕಳಸ್ತೀನಿ, ಸೀದಾ ನಿನ್ನ ಮುಂದ ಬಂದು ಇಳೀತಾಳ" ಅಂದೆ.

ವಾಂತಿಯಾಗದಂತೆ ಆಕೆಯನ್ನು ರೈಲಿನಲ್ಲಿ ಕಳಿಸುತ್ತಿದ್ದೇನಲ್ಲ ಎಂದು ನನಗೆ ನನ್ನ ಮೇಲೆಯೇ ಅಭಿಮಾನ ಬಂದಿತ್ತು. ಜೊತೆಗೆ ಹೋಗಬಾರದೇಕೆ ಎಂಬುದು ತಲೆಗೇ ಬರಲಿಲ್ಲ. ರಜೆ ಇರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ರಜೆ ರಾಶಿ ಬಿದ್ದಿತ್ತು.

ಅಕ್ಕ ಎರಡು ದಿನ ಮುಂಚೆ ನಮ್ಮ ಮನೆಗೆ ಬಂದಳು. ಬುಧವಾರ ಬೆಳಿಗ್ಗೆ ಆಟೋದಲ್ಲಿ ಸ್ಟೇಷನ್ನಿಗೆ ಕರೆದುಕೊಂಡು ಹೋದೆ. ಗಾಡಿ ನಿಂತಿತ್ತು. ಟಿಕೇಟು ತಂದು ಆಕೆಯ ಚೀಲಕ್ಕೆ ಹಾಕಿ, ಡಬ್ಬಿಯ ಬಾಗಿಲಿಗೆ ಕರೆದೊಯ್ದೆ. ಮೆಟ್ಟಿಲು ಹತ್ತುವಾಗ ಆಕೆ ಕಾಲಿನಿಂದ ಎರಡು ಸಲ ತಡಕಾಡಿದಳು. ಹೊಸ ಗಾಡಿ, ಹೆದರಿದ್ದಾಳೆ ಅಂದುಕೊಂಡೆ. ಕಿಟಕಿ ಪಕ್ಕ ಕೂಡಿಸಿ, ಚೀಲ ತೊಡೆಯ ಮೇಲಿಟ್ಟು, ಕಂಡಕ್ಟರನ್ನು ಹುಡುಕಲು ಹೊರಟೆ.

ನನಗೆ ಕಂಡದ್ದು ಗಾಡಿಯ ಕಟ್ಟಕಡೆಯ ಡಬ್ಬಿಯ ಗಾರ್ಡ್ ಸಾಹೇಬರು. ಬಿಳಿ ಅಂಗಿ, ಕೈಯಲ್ಲಿ ಹಸಿರು ಬಾವುಟ, ಇನ್ನೊಂದು ಕೈಯಲ್ಲಿ ವಾಕಿಟಾಕಿ. ನನ್ನ ಲೆಕ್ಕದಲ್ಲಿ ಸೀಟಿ ಊದಿ ಗಾಡಿ ಬಿಡುವವನೇ ಕಂಡಕ್ಟರ್. ನಮಸ್ಕಾರ ಮಾಡಿ, "ಸಾಹೇಬ್ರ, ನಾಕನೇ ಡಬ್ಬಿಯೊಳಗ ನಮ್ಮ ಅಕ್ಕ ಅದಾಳ. ಕಣ್ಣು ಜರಾ ಮಬ್ಬು. ಹುಬ್ಬಳ್ಯಾಗ ಒಂದೀಟು ಇಳಸ್ರಿ" ಅಂದೆ. ಅವರು ನನ್ನನ್ನು ನೋಡಿದರು, ನನ್ನ ಭುಜದಾಚೆ ಸಿಗ್ನಲ್ಲು ನೋಡಿದರು, ಗಡಿಯಾರ ನೋಡಿದರು, ತಲೆಯಾಡಿಸಿದರು. ನನಗೆ ಅಷ್ಟು ಸಾಕಾಯಿತು. ಒಬ್ಬ ನೌಕರ ಇನ್ನೊಬ್ಬ ನೌಕರನಿಗೆ ಮಾತು ಕೊಟ್ಟ ಹಾಗೆಯೇ ಅಂದುಕೊಂಡೆ.

ಓಡಿ ಬಂದು ಕಿಟಕಿಯಲ್ಲಿ ಅಕ್ಕನಿಗೆ ಹೇಳಿದೆ, "ಹಿಂದಿನ ಡಬ್ಬಿಯೊಳಗ ಸಾಹೇಬ್ರು ಅದಾರ, ಅವರಿಗೆ ಹೇಳೀನಿ. ಹುಬ್ಬಳ್ಳಿ ಬಂದ್ರ ಅವರ ಬಂದು ಹೇಳ್ತಾರ. ನೀ ಯಾರನ್ನೂ ಏನೂ ಕೇಳಾಕ ಹೋಗಬ್ಯಾಡ. ಮಂದಿ ಏನೇನರ ಹೇಳಿ ದಿಕ್ಕು ತಪ್ಪಸ್ತಾರ."

"ನೀ ಬರೂದಿಲ್ಲೇನು?" ಅಂದಳು.

"ಡ್ಯೂಟಿ ಐತಲ್ಲಬೇ ಅಕ್ಕಾ."

"ಹೌದ್ ಬಿಡು" ಅಂದಳು.

ಯಾರನ್ನೂ ಕೇಳಬೇಡ ಅಂದದ್ದು ನಾನೇ.

ಒಂಬತ್ತೂವರೆಯೋ ಹತ್ತೋ ಇರಬೇಕು. ಕೊಪ್ಪಳದ ಬಸ್ಸಿನ ಹೊತ್ತು ಬರೆಯುತ್ತಿದ್ದೆ. ಅಕ್ಕನ ನಂಬರಿನಿಂದ ಫೋನು ಬಂತು. ಇಷ್ಟು ಬೇಗ ಮುಟ್ಟಿದಳೇ ಎಂದು ಎತ್ತಿದರೆ ಗಂಡಸಿನ ದನಿ.

"ಈ ಫೋನಿನ ಅವ್ವಾರು ನಿಮಗ ಏನಾಗಬೇಕ್ರಿ?"

"ನಮ್ಮ ಅಕ್ಕರಿ. ಏನಾತ್ರಿ?"

"ಏನ್ ಹೇಳೂದ್ರಿ, ನಡುವ ಒಂದ್ ಸಣ್ಣ ಸ್ಟೇಷನ್ನಿನಾಗ ಸಿಗ್ನಲ್ ಬೀಳದ ಗಾಡಿ ಭಾಳ ಹೊತ್ತು ನಿಂತಿತ್ತು. 'ಚೀಲ ಇಲ್ಲೇ ಇರಲಿ, ಬಯಲಕಡಿಗೆ ಹೋಗಿ ಬರ್ತೀನಿ, ಕಂಡಕ್ಟರ್ ಬಂದ್ರ ಹೇಳ್ರಿ' ಅಂತಂದು ಇಳದ್ರು. ಕಂಡಕ್ಟರ್ ಯಾರು ಅಂತ ಕೇಳೂದ್ರಾಗ ಹೋಗೇಬಿಟ್ರು. ಗಾಡಿ ಬಿಟ್ತು. ಅವರು ಬರಲೇ ಇಲ್ಲರಿ. ಬ್ಯಾರೆ ಡಬ್ಬಿ ಹತ್ಯಾರೇನೋ ಅಂತ ಎಲ್ಲಾ ಕಡೆ ನೋಡಿ ಬಂದ್ವಿ, ಎಲ್ಲೂ ಇಲ್ಲ. ಚೀಲದಾಗ ಫೋನ್ ಇತ್ತು, ಅದಕ್ಕ ಮಾಡೀನಿ."

ಬಸ್ಸಿನಲ್ಲಿ ಓಡಾಡಿ ಬೆಳೆದವರಿಗೆ ಅದಕ್ಕೆ ಗಾಡಿಯೊಳಗೇ ಜಾಗ ಇರುತ್ತದೆ ಎಂದು ಹೊಳೆಯುವುದಿಲ್ಲ. ಸೀಟಿನ ಮೇಲೆ ಚೀಲ ಇಟ್ಟು ಇಳಿದರೆ ನಮ್ಮಲ್ಲಿ ಅದು ಕಂಡಕ್ಟರಿಗೆ ಗುರುತು. ಬೆಲ್ಲು ಹೊಡೆಯುವ ಮುಂಚೆ ಅವನು ತಿರುಗಿ ನೋಡುತ್ತಾನೆ, "ಈ ಚೀಲದವರು ಬರಬೇಕು, ತಡೀರಿ" ಎಂದು ಡ್ರೈವರಿಗೆ ಕೂಗುತ್ತಾನೆ. ನಾನೇ ಎಷ್ಟು ಸಾವಿರ ಸಲ ಕೂಗಿದ್ದೇನೆ. ಅಕ್ಕ ಅದೇ ನಂಬಿಕೆಯ ಮೇಲೆ ಇಳಿದಿದ್ದಳು. ಫೋನು, ಟಿಕೇಟು, ಡಾಕ್ಟರ ಚೀಟಿ ಎಲ್ಲ ಮುಂದೆ ಹೋದವು, ಆಕೆ ಮಾತ್ರ ಹಿಂದೆ ಉಳಿದಳು.

ನನಗೆ ಗೊತ್ತಿದ್ದ ಕೆಲಸ ಒಂದೇ. ಫೋನು ತೆಗೆದುಕೊಂಡು ಯಲಬುರ್ಗಾಕ್ಕೆ ಹಚ್ಚಿದೆ, ಕೊಪ್ಪಳಕ್ಕೆ ಹಚ್ಚಿದೆ, ಗಂಗಾವತಿಗೆ ಹಚ್ಚಿದೆ. ಎಲ್ಲ ಕಡೆಯ ಕಂಟ್ರೋಲರುಗಳೂ ನನ್ನವರೇ. ಅರ್ಧ ತಾಸಿನಲ್ಲಿ ಆ ದಾರಿಯ ಕಂಡಕ್ಟರುಗಳೆಲ್ಲ ಕಿಟಕಿಯಿಂದ ತಲೆ ಹೊರಹಾಕಿ ರಸ್ತೆಯ ಬದಿ ನೋಡತೊಡಗಿದರು. ನಿಂತ ಮುದುಕಿಯರನ್ನೆಲ್ಲ ಕೇಳಿದರು. ಆದರೆ ಅಕ್ಕ ರಸ್ತೆಗೇ ಬಂದಿರಲಿಲ್ಲ. ಹುಬ್ಬಳ್ಳಿಯಿಂದ ಮಗಳು ಫೋನಿನ ಮೇಲೆ ಫೋನು. ಗಾಡಿ ಅಲ್ಲಿ ಮುಟ್ಟಿದಾಗ, ನನಗೆ ಫೋನು ಮಾಡಿದ್ದ ಆ ಪ್ರಯಾಣಿಕರೇ ಚೀಲವನ್ನು ಆಕೆಯ ಕೈಗೆ ಕೊಟ್ಟಿದ್ದರು. "ಮಾಮಾ, ಅವ್ವ ಎಲ್ಲದಾಳ?" ಅನ್ನುತ್ತಿದ್ದಳೇ ಹೊರತು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಬೈಕು ತೆಗೆದುಕೊಂಡು ಕುಷ್ಟಗಿ ಸ್ಟೇಷನ್ನಿಗೆ ಓಡಿದೆ. ಸ್ಟೇಷನ್ ಮಾಸ್ತರರು ಆಂಧ್ರದ ಕಡೆಯವರು, ಮೂವತ್ತರ ಆಜುಬಾಜು, ಕನ್ನಡ ಕಲಿಯುತ್ತಿದ್ದರು. ನಾನು ಹೋದವನೇ ಮೇಜು ಬಡಿದೆ. "ಏನ್ ಗಾಡಿರಿ ನಿಮ್ಮದು? ಇಳದವರು ಹತ್ಯಾರೋ ಇಲ್ಲೋ ಅಂತ ನೋಡೂ ಮಂದಿ ಇಲ್ಲೇನು? ನಿಮ್ಮ ಗಾರ್ಡ್ ಸಾಹೇಬ್ರಿಗೆ ಹೇಳಿ ಕಳಿಸಿದ್ದೆ ನಾ!"

ಅವರು ಎದ್ದು ನನಗೆ ಕುರ್ಚಿ ಕೊಟ್ಟರು. ನೀರು ಕೊಟ್ಟರು. ಆಮೇಲೆ ನಿಧಾನವಾಗಿ ಹೇಳಿದರು, "ಗಾರ್ಡು ಹಿಂದೆ ಇರ್ತಾರೆ ಸರ್. ಗಾಡಿ ಓಡುವಾಗ ಅವರು ಮುಂದಿನ ಬೋಗಿಗೆ ಬರೋದಿಲ್ಲ. ಯಾರು ಕೂತರು, ಯಾರು ಇಳಿದರು ಅವರಿಗೆ ಗೊತ್ತಾಗೋದಿಲ್ಲ. ನಮ್ಮಲ್ಲಿ ಯಾರೂ ಯಾರನ್ನೂ ಇಳಿಸೋದಿಲ್ಲ. ಗಾಡಿ ನಿಲ್ಲುತ್ತೆ, ಜನ ಇಳೀತಾರೆ."

ಎಂಥ ಮಾತು! ಸಿಟ್ಟು ಬಂತು, ಆದರೆ ಅದರಲ್ಲಿ ತಪ್ಪು ಹುಡುಕಲು ಆಗಲಿಲ್ಲ.

ಅವರು ಆ ಸಣ್ಣ ಸ್ಟೇಷನ್ನಿಗೆ ಫೋನು ಮಾಡಿದರು. ಅಲ್ಲಿಯವರು ಪ್ಲಾಟ್‌ಫಾರ್ಮು, ಹಿಂದಿನ ಜಾಲಿಗಿಡ, ನೀರಿನ ತೊಟ್ಟಿ ಎಲ್ಲ ನೋಡಿ ಬಂದು, ಯಾರೂ ಇಲ್ಲ ಎಂದರು. ಹಳಿಯ ಗುಂಟ ಎರಡೂ ಕಡೆ ಜನ ಕಳಿಸಿದ್ದಾರೆ ಎಂದರು. ಹಳಿಯ ಗುಂಟ ಎಂಬ ಮಾತು ಕೇಳಿ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಮಾಸ್ತರರು ನನ್ನ ಮುಖ ನೋಡಿ ತಡೆದರು. ಸ್ವಲ್ಪ ಯೋಚಿಸಿ, "ಆ ಹೊತ್ತಿಗೆ ಅಲ್ಲಿ ಪಕ್ಕದ ಲೈನಿಗೆ ಎದುರಿನ ಗಾಡಿ ಬಂದು ನಿಂತಿತ್ತು. ನಡುವೆ ಒಂದೇ ಪ್ಲಾಟ್‌ಫಾರ್ಮು. ಈ ಕಡೆ ಹತ್ತೋದು ಬಿಟ್ಟು ಆ ಕಡೆ ಹತ್ತಿದ್ದರೆ?" ಅಂದರು.

"ಅದು ಎಲ್ಲಿಗೆ ಹೋಗ್ತದ?"

"ಕೊಪ್ಪಳ, ಗಂಗಾವತಿ, ಕಾರಟಗಿ, ಅದರಾಚೆ."

ಹುಬ್ಬಳ್ಳಿಗೆ ಹೊರಟವಳು ಗಂಗಾವತಿಯ ಕಡೆಗೆ! ಆದರೂ ಆ ಮಾತಿನಿಂದ ಜೀವ ಬಂದ ಹಾಗಾಯಿತು. ಹಳಿಯ ಮೇಲೆ ಇರುವುದಕ್ಕಿಂತ ತಪ್ಪು ಗಾಡಿಯಲ್ಲಿ ಇರಲಿ ದೇವರೇ ಅಂದುಕೊಂಡೆ. ಮಾಸ್ತರರು ಫೋನು ಕೈಗೆತ್ತಿಕೊಂಡು ಕಾಗದ ಎಳೆದುಕೊಂಡರು. ಆ ಗಾಡಿಯ ಟಿಕೇಟು ನೋಡುವವರಿಗೆ, ಮುಂದಿನ ಸ್ಟೇಷನ್ನುಗಳಿಗೆ ಹೇಳಬೇಕು, ಗುರುತು ಹೇಳಿ ಎಂದರು.

"ವಯಸ್ಸು?"

"ಅರವತ್ತು... ಅರವತ್ತೈದು ಇರಬೇಕು."

"ಎತ್ತರ?"

"ನನ್ನಷ್ಟ... ಇಲ್ಲ, ಸ್ವಲ್ಪ ಗಿಡ್ಡ."

"ಸೀರೆ ಯಾವ ಬಣ್ಣ?"

ನಾನು ಬಾಯಿ ತೆರೆದೆ. ಬಣ್ಣ ಬರಲಿಲ್ಲ. ಅವತ್ತು ಬೆಳಿಗ್ಗೆ ಆಟೋದಲ್ಲಿ ಮೊಣಕೈಗೆ ಮೊಣಕೈ ತಾಗಿಸಿ ಕೂತು ಬಂದಿದ್ದೆವು. ಆ ಆಟೋದ ನಂಬರು ಹೇಳಬಲ್ಲೆ. ಮುಂಜಾನೆಯಿಂದ ನನ್ನ ಸ್ಟ್ಯಾಂಡು ಬಿಟ್ಟ ಪ್ರತಿ ಬಸ್ಸಿನ ನಂಬರು, ಹೊತ್ತು, ಡ್ರೈವರು ಯಾರು, ಯಾವ ಗಾಡಿಯ ಹಿಂದಿನ ಗಾಜು ಒಡೆದಿದೆ, ಎಲ್ಲ ಬಾಯಿಪಾಠ. ಅಕ್ಕ ಏನು ಉಟ್ಟಿದ್ದಳೆಂದು ಗೊತ್ತಿಲ್ಲ. ಹಣೆಯ ಮೇಲೆ ವಿಭೂತಿ ಇತ್ತೋ ಇಲ್ಲವೋ ಗೊತ್ತಿಲ್ಲ. ಕಾಲಲ್ಲಿ ಚಪ್ಪಲಿ ಇತ್ತೋ ಇಲ್ಲವೋ ಗೊತ್ತಿಲ್ಲ.

ಮಾಸ್ತರರು ಪೆನ್ನು ಹಿಡಿದು ಕಾಯುತ್ತಿದ್ದರು. ನಾಚಿಕೆಯಿಂದ ಸತ್ತುಹೋದೆ. ಮನೆಗೆ ಫೋನು ಮಾಡಿ ಹೆಂಡತಿಯನ್ನು ಕೇಳಿದೆ.

"ಜಾಂಬಳಿ ಬಣ್ಣದ ಇಳಕಲ್ ಸೀರಿ, ಕೆಂಪು ಸೆರಗು. ನಮ್ಮ ಮನಿ ಒಕ್ಕಲಕ್ಕ ನೀವ ತಂದು ಕೊಟ್ಟಿದ್ರಲ್ಲರೀ. ಯಾಕ, ಏನಾತು?" ಅಂದಳು.

ನೇರಳೆ ಬಣ್ಣದ ಸೀರೆ ಎಂದು ಬರೆದುಕೊಂಡು ಮಾಸ್ತರರು ಮತ್ತೊಂದು ಕೇಳಿದರು. "ಕಣ್ಣು ಎಷ್ಟು ಕಾಣುತ್ತೆ ಸರ್? ಬೋರ್ಡು ಓದ್ತಾರಾ?"

ಅದೂ ನನಗೆ ಗೊತ್ತಿರಲಿಲ್ಲ. ಮಬ್ಬು ಅಂತಾಳೆ ಎಂದಷ್ಟೇ ಹೇಳಿದೆ.

ಸುದ್ದಿ ಬಂದರೆ ಫೋನು ಮಾಡುತ್ತೇನೆ ಎಂದು ಮಾಸ್ತರರು ಹೇಳಿದ ಮೇಲೆ ನನ್ನ ಕೋಣೆಗೆ ಮರಳಿದೆ. ಮಧ್ಯಾಹ್ನ ಕಳೆಯಿತು. ಹುಬ್ಬಳ್ಳಿಯಲ್ಲಿ ಡಾಕ್ಟರು ಅವತ್ತಿನ ರೋಗಿಗಳನ್ನು ನೋಡಿ ಎದ್ದರಂತೆ, ಅಕ್ಕನ ಸರದಿ ಬೇರೆಯವರಿಗೆ ಹೋಯಿತಂತೆ. ಎರಡು ಗಂಟೆಯ ಮೇಲೆ ಮಾಸ್ತರರ ಫೋನು ಬಂತು. ಅಕ್ಕ ಸಿಕ್ಕಿದ್ದಳು. ಎದುರಿನ ಗಾಡಿಯನ್ನೇ ಹತ್ತಿದ್ದಳು. ತನ್ನ ಸೀಟು, ಚೀಲ ಹುಡುಕುತ್ತ ಎರಡು ಡಬ್ಬಿ ನಡೆದು, ಸಿಗದೆ, ಬಾಗಿಲ ಹತ್ತಿರ ನೆಲದ ಮೇಲೆ ಕೂತುಬಿಟ್ಟಿದ್ದಳು. ಯಾರನ್ನೂ ಕೇಳಿರಲಿಲ್ಲ. ಟಿಕೇಟು ನೋಡುವವರು ಬಂದಾಗ ಅವರನ್ನೇ ಕಂಡಕ್ಟರ್ ಎಂದು ತಿಳಿದು, "ಹುಬ್ಬಳ್ಳಿ ಬಂತೇನ್ರಿ?" ಅಂದಳಂತೆ. ಅವರು ಕಾರಟಗಿಯಲ್ಲಿ ಇಳಿಸಿ ಸ್ಟೇಷನ್ನಿನವರಿಗೆ ಹೇಳಿ ಹೋಗಿದ್ದರು.

ಖುಷಿಗೆ ಕಣ್ಣಲ್ಲಿ ನೀರು ಬಂತು ಎಂದು ಬರೆದರೆ ತಪ್ಪಿಲ್ಲ, ಬಂದದ್ದು ನಿಜ. ಆದರೆ ಆಮೇಲೆ ನಾನು ಮಾಡಿದ್ದನ್ನೂ ಬರೆಯಬೇಕು. ಗಂಗಾವತಿಯ ಕಂಟ್ರೋಲರು ನನ್ನ ಹಳೆಯ ಜೊತೆಗಾರ. ವಿಷಯ ತಿಳಿದು ಅವನೇ ಫೋನು ಮಾಡಿದ. "ನೀ ಯಾಕ ಅಷ್ಟು ದೂರ ಬರ್ತೀಯೋ? ಕಾರಟಗ್ಯಾಗ ನಮ್ಮವರು ಅದಾರ. ಸ್ಟೇಷನ್ನಿನಿಂದ ಕರಕೊಂಡು ಬಂದು ಬಸ್ಸಿಗೆ ಕೂಡಸ್ತಾರ. ಕಂಡಕ್ಟರಿಗೆ ನಾ ಹೇಳ್ತೀನಿ, ಸಂಜಿಕ ನಿನ್ನ ಮುಂದ ತಂದು ಇಳಸ್ತಾನ."

"ಆತಪಾ, ದೊಡ್ಡ ಉಪಕಾರ ಆತು" ಅಂದೆ.

ಅಷ್ಟೆಲ್ಲ ಆದ ಮೇಲೂ ಅಂದೆ. ಅಂದು, ಫೋನಿಟ್ಟು, ಚಹಾ ತರಿಸಿ ಕುಡಿದು, ಬಾಕಿ ಉಳಿದ ಬಸ್ಸುಗಳ ಹೊತ್ತು ಬರೆಯಲು ಕೂತೆ.

ಅರ್ಧ ಗಂಟೆಗೆ ಅವನದೇ ಫೋನು. ಈ ಸಲ ದನಿ ಬೇರೆಯಾಗಿತ್ತು. "ಅಕ್ಕಾರು ಏಳವಲ್ರು ಮಾರಾಯಾ. ಹುಡುಗರು ಹೋಗಿ ಕೈಮುಗಿದು ಕರದ್ರೂ ಬರವಲ್ರು. 'ಯಾರ ಸಂಗಾಟನೂ ನಾ ಬರೂದಿಲ್ಲ, ನಮ್ಮ ತಮ್ಮ ಬರಲಿ' ಅಂತ ಕುಂತಾರ."

ನನಗೆ ಮೊದಲು ಬಂದದ್ದು ಸಿಟ್ಟೇ. ಇಷ್ಟು ಮಂದಿಗೆ ತೊಂದರೆ ಕೊಟ್ಟು ಇನ್ನೂ ಹಟವೇ ಎಂದು ಹಲ್ಲು ಕಡಿದೆ. ಇಡೀ ಜನ್ಮದಲ್ಲಿ ಹಟ ಮಾಡದವಳು ಇವತ್ತು ಯಾಕೆ ಮಾಡುತ್ತಿದ್ದಾಳೆ ಎಂದು ಎರಡು ನಿಮಿಷ ಬಿಟ್ಟು ಹೊಳೆಯಿತು. ಕೆಲಸವನ್ನು ಪಕ್ಕದವನಿಗೆ ಬಿಟ್ಟು, ಬಟ್ಟೆ ಕೂಡ ಬದಲಿಸದೆ, ಮೈಮೇಲಿನ ಖಾಕಿಯಲ್ಲೇ ಗಂಗಾವತಿ ಬಸ್ಸು ಹತ್ತಿದೆ.

ಕಂಡಕ್ಟರ್ ಎದ್ದು ನಿಂತು ತನ್ನ ಸೀಟು ಕೊಟ್ಟ. ತಾವರಗೇರಾ ದಾಟುವವರೆಗೆ ಅವನೊಡನೆ ಅದೂ ಇದೂ ಮಾತಾಡಿದೆ. ಆಮೇಲೆ ಮಾತು ಬೇಡವಾಯಿತು. ಅಕ್ಕ ಇಂಥ ಸೀಟಿನಲ್ಲಿ ಕೂತು ಎಷ್ಟು ಸಲ ಓಡಾಡಿರಬಹುದು ಎಂದು ಯೋಚಿಸುತ್ತ ಹೋದೆ. ಭಾವ ತೀರಿಕೊಂಡ ವರ್ಷ, ಹಸುಗೂಸನ್ನು ಎತ್ತಿಕೊಂಡು ತವರಿಗೆ ಬಂದಿದ್ದಳು. ಆಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ, ಒಬ್ಬ ಹಿರಿಯ ಕಂಡಕ್ಟರಿಗೆ ಹೇಳಿ ಕರೆಸಿದ್ದೆ. ಅವ್ವ ಸತ್ತಾಗ ವಾಂತಿ ಮಾಡಿಕೊಳ್ಳುತ್ತ, ಅಳುತ್ತ ಬಂದಳು. ಆಗಲೂ ಕಂಡಕ್ಟರೇ ಕೈಹಿಡಿದು ಇಳಿಸಿದ. ನನ್ನ ಮಕ್ಕಳ ಹೆಸರಿಡುವುದಕ್ಕೆ, ಮದುವೆಗೆ, ಹಬ್ಬಕ್ಕೆ, ಬಂದಾಗಲೂ ಹೋಗುವಾಗಲೂ ಹಾಗೆಯೇ. ಅಕ್ಕನಿಗೆ ಏನೂ ಕಡಿಮೆ ಮಾಡಿಲ್ಲ ಎಂದೇ ನಾನು ತಿಳಿದಿದ್ದೆ. ಪ್ರತಿ ಸಲ ಹೇಳಿ ಕಳಿಸಿದ್ದೇನಲ್ಲ. ಆದರೆ ಒಂದು ಸಲ, ಒಂದೇ ಒಂದು ಸಲ, ಆಕೆಯ ಪಕ್ಕದ ಸೀಟಿನಲ್ಲಿ ನಾನು ಕೂತು ಹೋದ ನೆನಪು ತೆಗೆಯಬೇಕೆಂದು ನೋಡಿದೆ. ಕನಕಗಿರಿ ಬಂತು, ಹೋಯಿತು. ಸಿಗಲಿಲ್ಲ.

ಕಂಡಕ್ಟರುಗಳು ಒಳ್ಳೆಯವರು, ಅದರಲ್ಲಿ ಎರಡು ಮಾತಿಲ್ಲ. ಅವರು ಒಳ್ಳೆಯವರಾಗಿದ್ದರಿಂದಲೇ ನನಗೆ ಹೋಗಬೇಕು ಎನ್ನಿಸಲಿಲ್ಲ. ನನ್ನಂಥವರು ಎಷ್ಟು ಮಂದಿ ಇದ್ದಾರೋ.

ಗಂಗಾವತಿಯಲ್ಲಿ ಜೊತೆಗಾರ ಚಹಾ ಕುಡಿದು ಹೋಗು ಎಂದ, ನಿಲ್ಲಲಿಲ್ಲ. ಸಿದ್ದಾಪುರದ ಆಸುಪಾಸು ಎರಡೂ ಬದಿ ಭತ್ತದ ಗದ್ದೆ, ಕಾಲುವೆಯ ನೀರು. ನಮ್ಮ ಎರಿ ಸೀಮೆಯಿಂದ ಬಂದವರಿಗೆ ಬೇರೆ ದೇಶದಂತೆ ಕಾಣುತ್ತದೆ. ಅಕ್ಕ ಈ ಕಡೆಗೆ ಎಂದೂ ಬಂದವಳಲ್ಲ. ಕಾರಟಗಿಯಲ್ಲಿ ಇಳಿದು, ಅಕ್ಕಿ ಗಿರಣಿಗಳ ಧೂಳಿನೊಳಗೆ ಆಟೋ ಹಿಡಿದು ಸ್ಟೇಷನ್ನು ಮುಟ್ಟಿದಾಗ ಇನ್ನೂ ಬಿಸಿಲಿತ್ತು.

ಪ್ಲಾಟ್‌ಫಾರ್ಮಿನ ಸಿಮೆಂಟು ಬೆಂಚಿನ ಮೇಲೆ ಆಕೆ ಕೂತಿದ್ದಳು. ಜಾಂಬಳಿ ಬಣ್ಣದ ಸೀರೆ, ಕೆಂಪು ಸೆರಗು. ಕಾಲಲ್ಲಿ ಚಪ್ಪಲಿ ಇತ್ತು. ಕಸ ಗುಡಿಸುವ ಹೆಣ್ಣುಮಗಳೊಬ್ಬಳು ಪಕ್ಕದಲ್ಲಿ ಕೂತು ಎಲೆಅಡಿಕೆ ಮಡಿಸುತ್ತಿದ್ದಳು. ಮುಂದೆ ತಾಟಿನಲ್ಲಿ ಯಾರೋ ಕೊಟ್ಟ ಅನ್ನ ಹಾಗೆಯೇ ಇತ್ತು.

ಬೈಯುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದುಕೊಂಡು ನೆಟ್ಟಗೆ ಹೋಗಿ ಎದುರಿಗೆ ನಿಂತೆ. ನಡುವೆ ಮೂರು ಹೆಜ್ಜೆಯೂ ಇರಲಿಲ್ಲ. ಬಿಸಿಲು ನನ್ನ ಮುಖದ ಮೇಲೆಯೇ ಇತ್ತು. ಅಕ್ಕ ತಲೆಯೆತ್ತಿ ನನ್ನನ್ನು ನೋಡಿದಳು. ನೋಡಿ, ಗಡಬಡಿಸಿ ಸೆರಗು ತಲೆಯ ಮೇಲೆ ಎಳೆದುಕೊಂಡು, ಎದ್ದು ನಿಂತು ಕೈಮುಗಿದಳು.

"ಕಂಡಕ್ಟರ್ ಸಾಹೇಬ್ರ, ಸಿಟ್ಟಿಗೇಳಬ್ಯಾಡ್ರಿ. ಮತ್ತ ಕರಿಯಾಕ ಬಂದ್ರೇನು? ನಾ ಬರೂದಿಲ್ಲರಿ. ನಮ್ಮ ತಮ್ಮ ಬರಾಕತ್ತಾನಂತ. ನನಗ ಅಂಗಿ ಬಣ್ಣ ಅಷ್ಟ ತಿಳೀತೈತಿ ನೋಡ್ರಿ, ಮಂದಿ ಮುಖ ತಿಳಿಯೂದು ಬಿಟ್ಟು ಭಾಳ ದಿನ ಆತು. ಅವ ಬಂದು ಮುಂದ ನಿಂತ್ರೂ ನನಗ ಗೊತ್ತಾಗೂದಿಲ್ಲ. ನಿಮಗೇನರ ಕಂಡ್ರ, 'ನಿಮ್ಮಕ್ಕ ಇಲ್ಲೇ ಅದಾಳ' ಅಂತ ಅವಗ ಒಂದ್ ಮಾತು ಹೇಳ್ರಿ."

ಮುಗಿದ ಕೈ ಆಕೆ ಇಳಿಸಲಿಲ್ಲ. ನಾನು ಹೂಂ ಅನ್ನಲಿ ಎಂದು ಕಾಯುತ್ತಿದ್ದಳು.